ಕನ್ನಡ ಅಕ್ಷರ ತಪ್ಪಾಗಿ ಮೂಡಿದಾಗ ಬಗ್ ವರದಿ ಬರೆಯುವುದು ಹೇಗೆ? ಗೊತ್ತಿದ್ದವರು ತಿಳಿಸಿ

ಪ್ರಶ್ನೆ

ಲಿಬ್ರೆಆಫೀಸ್ ರೈಟರ್ ಎಂಬ ಮುಕ್ತ ತಂತ್ರಾಂಶದಲ್ಲಿ ‘ರ‍್ಯಾಂಕ್’ ಎಂಬ ಪದ ಮನೆಯ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಅದೇ ಫೈಲ್ ತೆರೆದರೆ ರಕಾರ ಅರ್ಕಾವತ್ತಾಗಿ ಯಕಾರದ ನಂತರ ಹೋಗಿ ಕೂರುತ್ತದೆ. ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂದು ಸ್ಕ್ರೀನ್‌ಶಾಟ್ ಸಮೇತ ಬಗ್ (ತಂತ್ರಾಂಶದ ದೋಷ) ವರದಿ ಹಾಕಿದ್ದಕ್ಕೆ ‘ಹೆಚ್ಚಿನ ಮಾಹಿತಿ ಬೇಕು’ ಎಂಬ ಗುರುತು ಬಿದ್ದಿದೆ. ನೋಡುವ ಡೆವಲಪರ್‌ಗೆ ಕನ್ನಡ ಬಾರದು. ಅವರಿಗೆ ಏನೇನು ಕೊಡಬೇಕು?

ಉತ್ತರ 1: ಫಾಂಟ್ ಕೆಲಸದವರು

ಕನ್ನಡ ಓದಲು ಬಾರದವರಿಗೆ ನಿಮ್ಮ ಎರಡು ಚಿತ್ರಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದೇ ತಿಳಿಯದು. ಇಡೀ ವರದಿ ನಿಂತಿರುವುದು ಇದರ ಮೇಲೆ. ಮೊದಲು ಪದವನ್ನು ಚಿತ್ರವಾಗಿ ಮಾತ್ರವಲ್ಲ, ಅಕ್ಷರವಾಗಿಯೂ ಕೊಡಿ, ಅವರು ಕಾಪಿ ಮಾಡಿಕೊಳ್ಳುವಂತೆ. ಆಮೇಲೆ ಅದರೊಳಗಿನ ಯೂನಿಕೋಡ್ ಸಂಕೇತಗಳನ್ನು (ಪ್ರತಿ ಅಕ್ಷರಕ್ಕೂ ಕಂಪ್ಯೂಟರ್ ಬಳಸುವ ಸಂಖ್ಯೆ) ಕ್ರಮವಾಗಿ ಬರೆಯಿರಿ. ನಿಮ್ಮ ಪದದಲ್ಲಿ ಇದು ಬಹಳ ಮುಖ್ಯ, ಏಕೆಂದರೆ ಅದರಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರವಿದೆ: ಅಕ್ಷರಗಳು ಹೇಗೆ ಕೂಡಬೇಕು ಎಂದು ಸೂಚಿಸುವ ಝೀರೋ ವಿಡ್ತ್ ಜಾಯ್ನರ್, ಸಂಕೇತ 200ಡಿ.

ರ, ಹಲಂತ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ), ಯ ಎಂದಷ್ಟೇ ಬಂದರೆ ಅರ್ಕಾವತ್ತು ಮೂಡುವುದೇ ಸರಿ. ‘ಕಾರ್ಯ’, ‘ಸೂರ್ಯ’ ಎಲ್ಲ ಹಾಗೆಯೇ. ಪೂರ್ಣ ರಕಾರದ ಕೆಳಗೆ ಯ ಒತ್ತು ಬರಬೇಕಾದರೆ ರ, ಜಾಯ್ನರ್, ಹಲಂತ, ಯ ಎಂಬ ಕ್ರಮ ಬೇಕು (0ಸಿಬಿ0, 200ಡಿ, 0ಸಿಸಿಡಿ, 0ಸಿಎಎಫ್, ವರದಿಯಲ್ಲಿ ಇವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಿರಿ). ಹಳೆಯ ಬಳಕೆಯಲ್ಲಿ ಜಾಯ್ನರ್ ಹಲಂತದ ನಂತರ ಬರುತ್ತಿತ್ತು. ಆ ಕ್ರಮದಲ್ಲಿರುವ ಪಠ್ಯ ಇವತ್ತಿಗೂ ಬೇಕಾದಷ್ಟಿದೆ. ಅಕ್ಷರ ಜೋಡಿಸುವ ಹಾರ್ಫ್‌ಬಝ್ ಎಂಜಿನ್ನಿನ ಹೊಸ ಆವೃತ್ತಿಗಳು ಎರಡೂ ಕ್ರಮವನ್ನು ಒಂದೇ ಎಂದು ನೋಡುತ್ತವೆ, ಹಳೆಯವು ನೋಡುವುದಿಲ್ಲ. ಮನೆಯಲ್ಲಿ ಸರಿ, ಕಚೇರಿಯಲ್ಲಿ ತಪ್ಪು ಎಂದರೆ ನನಗೆ ಮೊದಲ ಅನುಮಾನ ಬರುವುದು ಇಲ್ಲಿಯೇ.

ಸಂಕೇತ ತಿಳಿಯಲು ಲಿಬ್ರೆಆಫೀಸ್ ರೈಟರ್‌ನಲ್ಲಿ ಅಕ್ಷರದ ಪಕ್ಕ ಕರ್ಸರ್ ಇಟ್ಟು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಅಕ್ಷರ ಹೋಗಿ ಸಂಕೇತ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ಅಕ್ಷರ ಮರಳುತ್ತದೆ.

ಉತ್ತರ 2: ಪರೀಕ್ಷಾ ತಂಡದವರು

ವರದಿ ಹಾಕುವ ಮುನ್ನ ತಪ್ಪು ಯಾರದ್ದು ಎಂದು ಹತ್ತು ನಿಮಿಷ ನೋಡಿ. ಕನ್ನಡ ಪದ ಪರದೆಗೆ ಬರುವ ದಾರಿಯಲ್ಲಿ ಪಠ್ಯ, ಜೋಡಣೆಯ ಎಂಜಿನ್, ಫಾಂಟ್, ತಂತ್ರಾಂಶ ಎಂಬ ನಾಲ್ಕು ಕೈಗಳಿವೆ, ತಪ್ಪು ಯಾವುದರದ್ದಾದರೂ ಆಗಿರಬಹುದು. ತಪ್ಪು ವಿಳಾಸಕ್ಕೆ ಹೋದ ವರದಿ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ.

ಅದೇ ತಂತ್ರಾಂಶದಲ್ಲಿ ಫಾಂಟ್ ಮಾತ್ರ ಬದಲಿಸಿ: ನೋಟೋ ಸಾನ್ಸ್ ಕನ್ನಡ, ಲೋಹಿತ್ ಕನ್ನಡ, ಗುಬ್ಬಿ. ಒಂದರಲ್ಲಿ ಮಾತ್ರ ಕೆಟ್ಟರೆ ಆ ಫಾಂಟಿನವರಿಗೆ ಬರೆಯಿರಿ. ಎಲ್ಲದರಲ್ಲೂ ಕೆಟ್ಟರೆ ಅದೇ ಪದವನ್ನು ಫೈರ್‌ಫಾಕ್ಸ್, ಕ್ರೋಮ್‌ಗಳಲ್ಲಿ ನೋಡಿ. ಆದರೆ ಒಂದು ಎಚ್ಚರ: ಈ ಎರಡೂ ಬ್ರೌಸರ್‌ಗಳು, ಜೊತೆಗೆ 2017ರ 5.3ನೇ ಆವೃತ್ತಿಯಿಂದ ಎಲ್ಲ ವ್ಯವಸ್ಥೆಗಳಲ್ಲೂ ಲಿಬ್ರೆಆಫೀಸ್, ಹಾರ್ಫ್‌ಬಝ್ ಅನ್ನೇ ಬಳಸುತ್ತವೆ. ಮೂರರಲ್ಲೂ ಒಂದೇ ತಪ್ಪು ಎಂದಾದರೆ ಮೂರು ಸಾಕ್ಷಿ ಸಿಕ್ಕಿತು ಎಂದುಕೊಳ್ಳಬೇಡಿ, ಸಿಕ್ಕಿದ್ದು ಒಂದೇ. ಹೋಲಿಕೆಗೆ ವಿಂಡೋಸ್‌ನ ನೋಟ್‌ಪ್ಯಾಡ್ ಅಥವಾ ಮ್ಯಾಕ್‌ನ ಸಫಾರಿ ಬೇಕು, ಅವುಗಳ ಎಂಜಿನ್ ಬೇರೆ.

ಆರಿಸಿದ ಫಾಂಟೇ ಬಳಕೆಯಾಗಿದೆ ಎಂಬ ನಂಬಿಕೆಯೂ ಬೇಡ. ಆ ಫಾಂಟ್ ಯಂತ್ರದಲ್ಲಿ ಇಲ್ಲದಿದ್ದರೆ ತಂತ್ರಾಂಶ ಸದ್ದಿಲ್ಲದೆ ಬೇರೊಂದನ್ನು ತರುತ್ತದೆ, ಮೇಲಿನ ಪಟ್ಟಿಯಲ್ಲಿ ಹೆಸರು ಮಾತ್ರ ಹಳೆಯದೇ ಇರುತ್ತದೆ. ಫೈರ್‌ಫಾಕ್ಸ್‌ನ ಇನ್‌ಸ್ಪೆಕ್ಟರ್‌ನಲ್ಲಿ (ವೆಬ್ ಪುಟದ ಒಳರಚನೆ ತೋರಿಸುವ ಸಾಧನ) ‘ಫಾಂಟ್ಸ್’ ಎಂಬ ಭಾಗ ನಿಜವಾಗಿ ಬಳಕೆಯಾದದ್ದನ್ನು ತೋರಿಸುತ್ತದೆ. ರೈಟರ್‌ನಲ್ಲಿ ಕನ್ನಡ ‘ಸಂಕೀರ್ಣ ಲಿಪಿ’ಯ ಗುಂಪಿಗೆ ಸೇರುವುದರಿಂದ ಅದರ ಫಾಂಟ್ ಮತ್ತು ಗಾತ್ರ ಇಂಗ್ಲಿಷಿನವಕ್ಕಿಂತ ಬೇರೆ. ವರದಿಯಲ್ಲಿ ಕನ್ನಡದ್ದನ್ನೇ ಬರೆಯಿರಿ.

ಉತ್ತರ 3

ಫಾಂಟ್ ಬದಲಿಸಿದ ಕೂಡಲೇ ಪಠ್ಯವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾದರೆ ಅದು ಹಳೆಯ ನುಡಿ ಫಾಂಟ್‌ಗಳ ಪಠ್ಯ, ಯೂನಿಕೋಡ್ ಅಲ್ಲ. ಯೂನಿಕೋಡ್‌ಗೆ ಪರಿವರ್ತಿಸಿ ನೋಡಿ. ಬಗ್ ವರದಿ ಬೇಕಿಲ್ಲ.

ಉತ್ತರ 4: ಅನುವಾದ ತಂಡದವರು

ಶೀರ್ಷಿಕೆಯ ಬಗ್ಗೆ ಯಾರೂ ಹೇಳಿಲ್ಲ. ಪಟ್ಟಿಯಲ್ಲಿ ಕಾಣುವುದು ಅದೊಂದೇ ಸಾಲು. ‘ಕನ್ನಡ ಬರುತ್ತಿಲ್ಲ’ ಬದಲು ‘ರೈಟರ್: ರ, ಹಲಂತ, ಜಾಯ್ನರ್, ಯ ಅನುಕ್ರಮ ಪೂರ್ಣ ರಕಾರದ ಬದಲು ಅರ್ಕಾವತ್ತಾಗಿ ಮೂಡುತ್ತಿದೆ’ ಎಂದರೆ ಸರಿಯಾದ ವ್ಯಕ್ತಿಯ ಕಣ್ಣಿಗೆ ಬೀಳುತ್ತದೆ. ಅರ್ಕಾವತ್ತಿಗೆ ಅವರ ಮಾತಿನಲ್ಲಿ ‘ರೆಫ್’ ಎನ್ನುತ್ತಾರೆ. ಹಳೆಯ ವರದಿ ಇದೆಯೇ ಎಂದು ಹುಡುಕುವಾಗಲೂ ‘ಇಂಡಿಕ್’, ‘ರೆಫ್’, ‘ಜಾಯ್ನರ್’ ಹಾಕಿ ನೋಡಿ. ತೆಲುಗಿನವರು ಹಾಕಿದ ವರದಿಯಲ್ಲೇ ನಿಮ್ಮ ಬಗ್ ಇರಬಹುದು.

ವರದಿ ಇಂಗ್ಲಿಷಿನಲ್ಲಿರಲಿ, ಆದರೆ ಚಿಕ್ಕ ವಾಕ್ಯ ಸಾಕು, ವ್ಯಾಕರಣಕ್ಕೆ ಹೆದರಬೇಡಿ. ಮೆನು ಕನ್ನಡದಲ್ಲಿದ್ದರೆ ಒಮ್ಮೆ ಇಂಗ್ಲಿಷಿಗೆ ಬದಲಿಸಿ ಆ ಹೆಸರುಗಳನ್ನೇ ಹಂತಗಳಲ್ಲಿ ಬರೆಯಿರಿ. ‘ಕಡತ’ ಒತ್ತಿ ಎಂದರೆ ಅವರಿಗೆ ಸಿಗದು. ಏಕೆ ತಪ್ಪು ಎಂಬುದಕ್ಕೆ ಯೂನಿಕೋಡ್ ಸ್ಟ್ಯಾಂಡರ್ಡ್‌ನ 12ನೇ ಅಧ್ಯಾಯದ ಕನ್ನಡ ಭಾಗವನ್ನು ತೋರಿಸಿ. ಡೆವಲಪರ್ ಒಪ್ಪುವುದು ಅದನ್ನು. ‘ನಾವೆಲ್ಲ ಹೀಗೇ ಬರೆಯುತ್ತೇವೆ’ ಎಂಬುದಕ್ಕೆ ಅಷ್ಟು ತೂಕವಿಲ್ಲ.

ಚಿತ್ರ ಪಿಎನ್‌ಜಿ ಆಗಿರಲಿ. ಜೆಪೆಗ್‌ನಲ್ಲಿ ಅಕ್ಷರದ ಅಂಚು ಮಸುಕಾಗಿ ಒತ್ತು ಗುರುತಿಸಲಾಗುವುದಿಲ್ಲ. ಅಕ್ಷರ 48 ಪಾಯಿಂಟ್‌ನಷ್ಟು ದೊಡ್ಡದಿರಲಿ, ಸರಿ ತಪ್ಪು ಎರಡನ್ನೂ ಒಂದೇ ಗಾತ್ರದಲ್ಲಿ ಅಕ್ಕಪಕ್ಕ ಇಡಿ. ಪರದೆಗೆ ಮೊಬೈಲ್ ಹಿಡಿದು ತೆಗೆದ ಫೋಟೊ ಬೇಡ.

ಉತ್ತರ 5

ಮೂಲ ಫೈಲನ್ನು ಲಗತ್ತಿಸಬೇಡಿ. ಬಗ್ ವರದಿಗಳನ್ನು ಯಾರು ಬೇಕಾದರೂ ನೋಡಬಹುದು, ಕಚೇರಿಯ ಕಾಗದದಲ್ಲಿ ಹೆಸರು, ಸಂಬಳ, ಆಧಾರ್ ಸಂಖ್ಯೆ ಎಲ್ಲ ಇರುತ್ತದೆ. ಹೊಸ ಖಾಲಿ ಫೈಲಿನಲ್ಲಿ ಆ ಒಂದು ಪದ ಮಾತ್ರ ಇಟ್ಟು ಅದನ್ನು ಹಾಕಿ. ಡೆವಲಪರ್‌ಗೂ 40 ಪುಟದಲ್ಲಿ ಒಂದು ಪದ ಹುಡುಕುವ ಕಷ್ಟ ತಪ್ಪುತ್ತದೆ. ಆ ಚಿಕ್ಕ ಫೈಲಿನಲ್ಲಿ ತಪ್ಪು ಕಾಣದಿದ್ದರೆ ಕಾರಣ ಮೂಲ ಫೈಲಿನ ಫಾರ್ಮ್ಯಾಟಿಂಗ್‌ನಲ್ಲಿದೆ. ಅರ್ಧರ್ಧ ಪಠ್ಯ ಅಳಿಸುತ್ತಾ ಎಲ್ಲಿ ಎಂದು ಹಿಡಿಯಿರಿ.

ಉತ್ತರ 2ರವರಿಂದ ಮತ್ತೆ

ಆವೃತ್ತಿಯನ್ನು ‘ಹೊಸದು’ ಎಂದು ಬರೆಯಬೇಡಿ. ಲಿಬ್ರೆಆಫೀಸ್‌ನಲ್ಲಿ ‘ಹೆಲ್ಪ್’, ‘ಅಬೌಟ್’ಗೆ ಹೋದರೆ ಆವೃತ್ತಿ, ಬಿಲ್ಡ್ (ತಂತ್ರಾಂಶದ ಒಂದು ನಿರ್ದಿಷ್ಟ ತಯಾರಿಕೆ), ಕಾರ್ಯಾಚರಣ ವ್ಯವಸ್ಥೆ ಎಲ್ಲವನ್ನೂ ಒಟ್ಟಿಗೆ ಕಾಪಿ ಮಾಡುವ ಗುಂಡಿ ಇದೆ. ಲಿನಕ್ಸ್ ಆದರೆ ತಂತ್ರಾಂಶ ಎಲ್ಲಿಂದ ಬಂತು ಎಂದೂ ಬರೆಯಿರಿ. ಉಬುಂಟುವಿನಂಥ ಲಿನಕ್ಸ್ ವಿತರಣೆಯೇ ಕೊಡುವ ಪ್ಯಾಕೇಜು, ಯಂತ್ರದಲ್ಲಿ ಮೊದಲೇ ಇರುವ ಹಾರ್ಫ್‌ಬಝ್ ಬಳಸಿರಬಹುದು, ಅಧಿಕೃತ ತಾಣದಿಂದ ಇಳಿಸಿದ್ದು ತನ್ನದನ್ನೇ ತಂದಿರುತ್ತದೆ. ಹೊರಗೆ ಆವೃತ್ತಿ ಒಂದೇ ಎಂದು ಕಂಡರೂ ಒಳಗಿನ ಎಂಜಿನ್ ಬೇರೆ ಇರಬಹುದು.

ಮೊದಲು ಸರಿಯಿದ್ದು ಈಗ ಕೆಟ್ಟಿದ್ದರೆ, ಸರಿಯಿದ್ದ ಕೊನೆಯ ಆವೃತ್ತಿಯನ್ನು ಹೇಳಿ. ಫೈರ್‌ಫಾಕ್ಸ್‌ಗೆ ಮೊಝ್‌ರಿಗ್ರೆಷನ್ ಎಂಬ ಸಾಧನವಿದೆ: ಸರಿಯಿದ್ದ ದಿನಾಂಕ, ಕೆಟ್ಟ ದಿನಾಂಕ ಕೊಟ್ಟರೆ ನಡುವಿನ ಬಿಲ್ಡ್‌ಗಳನ್ನು ಅರ್ಧ ಮಾಡುತ್ತಾ ತಂದು ತೋರಿಸುತ್ತದೆ. ಸಾವಿರ ಬಿಲ್ಡ್ ಇದ್ದರೂ ಹತ್ತು ಸಲ ನೋಡಿದರೆ ತಪ್ಪು ಹೊಕ್ಕ ಜಾಗ ಸಿಗುತ್ತದೆ.

ಪ್ರಶ್ನೆ ಕೇಳಿದವರಿಂದ

ಕಚೇರಿಯ ಫೈಲಿನಲ್ಲಿ ಜಾಯ್ನರ್ ಹಲಂತದ ನಂತರವೇ ಇದೆ. ನೋಟೋ, ಲೋಹಿತ್ ಎರಡರಲ್ಲೂ ತಪ್ಪು. ಹಂತಗಳನ್ನು ಹೀಗೆ ಬರೆಯಲೇ?

1. ರೈಟರ್‌ನಲ್ಲಿ ಹೊಸ ಫೈಲ್ ತೆರೆಯಿರಿ.
2. ಕೆಳಗಿನ ಪದವನ್ನು ಪೇಸ್ಟ್ ಮಾಡಿ: ರ್‍ಯಾಂಕ್
3. ಫಾಂಟ್ ನೋಟೋ ಸಾನ್ಸ್ ಕನ್ನಡ, 48 ಪಾಯಿಂಟ್.
ಬರಬೇಕಾದದ್ದು: ಪದದ ಆರಂಭದಲ್ಲಿ ಪೂರ್ಣ ರ, ಅದಕ್ಕೆ ಯ ಒತ್ತು. ಬರುತ್ತಿರುವುದು: ಆರಂಭದಲ್ಲಿ ಯಾ, ಅದರ ನಂತರ ಅರ್ಕಾವತ್ತು.

ಉತ್ತರ 1ರವರಿಂದ ಮತ್ತೆ

ಚೆನ್ನಾಗಿದೆ. ಎರಡನೇ ಹಂತದಲ್ಲಿ ‘ಫಾರ್ಮ್ಯಾಟ್ ಇಲ್ಲದೆ ಪೇಸ್ಟ್’ ಎಂದು ಬರೆಯಿರಿ (ಕಂಟ್ರೋಲ್, ಆಲ್ಟ್, ಶಿಫ್ಟ್ ಜೊತೆ ವಿ). ಬರೀ ಪೇಸ್ಟ್ ಮಾಡಿದರೆ ವೆಬ್ ಪುಟದ ಫಾಂಟೂ ಭಾಷೆಯ ಗುರುತೂ ಜೊತೆಗೆ ಬರುತ್ತವೆ. ಹೊಸ ಕ್ರಮದ ‘ರ‍್ಯಾಂಕ್’ ಅನ್ನೂ ಕೆಳಗಿನ ಸಾಲಿನಲ್ಲಿ ಹಾಕಿ, ಅದು ಅದೇ ಯಂತ್ರದಲ್ಲಿ ಸರಿಯಾಗಿ ಮೂಡುತ್ತದೆಯೇ ಎಂದು ಬರೆಯಿರಿ. ಮೂಡಿದರೆ ಫಾಂಟಿನಲ್ಲಿ ಬೇಕಾದ ಆಕಾರ ಇದೆ, ತೊಂದರೆ ಹಳೆಯ ಕ್ರಮವನ್ನು ಎಂಜಿನ್ ಗುರುತಿಸದಿರುವುದು ಮಾತ್ರ. ಆಗ ಮನೆಯ ಮತ್ತು ಕಚೇರಿಯ ಆವೃತ್ತಿಯ ವಿವರ ಎರಡನ್ನೂ ಅಂಟಿಸಿ. ಕಚೇರಿಯ ತಂತ್ರಾಂಶವನ್ನು ಹೊಸದಕ್ಕೆ ಏರಿಸಿದ ಮೇಲೆ ತಪ್ಪು ಹೋದರೆ ವರದಿಯಲ್ಲಿ ಅದನ್ನು ಬರೆದು ನೀವೇ ಮುಚ್ಚಬಹುದು.