ಐದು ಮಿಲಿಮೀಟರ್ ಜಗಳ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಮೂವತ್ತು ಜನ ಇದ್ದೇವೆ. ಮಾತಾಡುವವರು ಐದಾರು ಮಂದಿ, ಉಳಿದವರು ಓದಿ ಸುಮ್ಮನಿರುತ್ತೇವೆ. ಶನಿವಾರ ರಾತ್ರಿಯ ಮಾತುಕತೆ ಇಲ್ಲಿದೆ. ನಡುನಡುವೆ ಬಂದ ಗುಡ್ ನೈಟ್ ಗುಲಾಬಿಗಳನ್ನು ತೆಗೆದಿದ್ದೇನೆ.

ಸುಮನ್ ಅತ್ತಿ (ಫಾರ್ವರ್ಡ್): ಎಚ್ಚರ!! ಅಮೆರಿಕದ ಸಿಯಾಟಲ್ ನಗರ ದಿಕ್ಕು ಬದಲಿಸಿದೆ. ಪೂರ್ವಕ್ಕೆ ಸರಿಯುತ್ತಿದ್ದ ನೆಲ ಈಗ ಪಶ್ಚಿಮಕ್ಕೆ! ಉಪಗ್ರಹ ಪತ್ತೆ ಹಚ್ಚಿದೆ. ಮೌನ ಭೂಕಂಪ ಶುರು. ವಿಜ್ಞಾನಿಗಳು ಮುಚ್ಚಿಟ್ಟಿದ್ದಾರೆ. ಹತ್ತು ಜನರಿಗೆ ಕಳಿಸಿ.

ಸುಮನ್ ಅತ್ತಿ: ವಿದ್ಯಾ, ನೀನು ಇರುವುದು ಇದೇ ಊರಲ್ಲಿ ಅಲ್ವಾ? ಫೋನ್ ಎತ್ತು.

ಕಿರಣಣ್ಣ: ಮೂಲ ಎಲ್ಲಿ ಅತ್ತಿ? ಯಾವ ವಿಜ್ಞಾನಿ? ಭೂಕಂಪ ಅಂದಮೇಲೆ ನಡುಗಬೇಕು. ನಡುಗದ ಭೂಕಂಪ ಎಲ್ಲಾದರೂ ಉಂಟಾ? ಶುದ್ಧ ಸುಳ್ಳು.

ಗುರುರಾಜ ದೊಡ್ಡಪ್ಪ: ನಿನಗೆ ಎಲ್ಲದಕ್ಕೂ ಮೂಲ ಬೇಕು. ಬೋರ್ ಕೊರೆದು ಕೊರೆದು ಭೂತಾಯಿಯ ಒಡಲು ಬರಿದು ಮಾಡಿದ್ದೇವೆ. ಆಕೆಯ ತಾಳ್ಮೆಗೂ ಒಂದು ಮಿತಿ ಇದೆ.

ಸಂತೋಷ: ಮಾಮಾ, ನಿಮ್ಮ ಹೊಲದಲ್ಲೇ ಮೂರು ಬೋರ್ ಇವೆ.

ಕಿರಣಣ್ಣ: ದೊಡ್ಡಪ್ಪ, 2016ರಲ್ಲಿ ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ, ಹೂತಿಟ್ಟರೂ ಉಪಗ್ರಹಕ್ಕೆ ಕಾಣುತ್ತದೆ ಎಂದು ಕಳಿಸಿದವರು ಯಾರು?

ಗುರುರಾಜ ದೊಡ್ಡಪ್ಪ: ಅದನ್ನು ನನಗೆ ಕಳಿಸಿದ್ದು ನಿನ್ನ ಅಪ್ಪ.

ಅಪ್ಪ: ನನ್ನ ಹೆಸರು ಯಾಕೆ ಎಳೆಯುತ್ತೀ ಅಣ್ಣಾ. ನಾನು ಊಟಕ್ಕೆ ಕೂತಿದ್ದೇನೆ.

ಸಂತೋಷ: ಭೂಕಂಪ ಅಂದರೆ 1993 ನೆನಪಾಗುತ್ತದೆ. ಗಣಪತಿ ಕಳಿಸಿ ಬಂದು ಮಲಗಿದ್ದೆವು. ನಸುಕಿನ ನಾಲ್ಕರ ಹೊತ್ತಿಗೆ ಆಳಂದದ ಮನೆಯ ಜಂತಿ ಕಿರುಗುಟ್ಟಿತು, ಮಾಳಿಗೆಯ ಮಣ್ಣು ಮೈಮೇಲೆ ಉದುರಿತು. ಅಜ್ಜಿ ಮೊದಲು ಎಮ್ಮೆ ಬಿಚ್ಚಿದಳು, ಆಮೇಲೆ ನಮ್ಮನ್ನು ಎಬ್ಬಿಸಿದಳು. ಬೆಳಗಾದ ಮೇಲೆ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದ ಸುದ್ದಿ ಬಂತು.

ಸುಮನ್ ಅತ್ತಿ: ಎಮ್ಮೆ ಅಲ್ಲ, ಆಕಳು. ಎಮ್ಮೆ ಆ ವರ್ಷ ಮಾರಿ ಆಗಿತ್ತು.

ಅಪ್ಪ: ಮಾರಿದ ದುಡ್ಡು ಯಾರಿಗೆ ಹೋಯಿತು ಎಂದು ಇವತ್ತಿಗೂ ಲೆಕ್ಕ ಇಲ್ಲ.

ಆಕಳೋ ಎಮ್ಮೆಯೋ ಎಂದು ಇನ್ನೂ ಅರ್ಧ ಗಂಟೆ ನಡೆಯಿತು. ಅಷ್ಟರಲ್ಲಿ ಅಲ್ಲಿ ಬೆಳಗಾಗಿತ್ತು.

ವಿದ್ಯಾ: ಚೆನ್ನಾಗಿದ್ದೇನೆ ಅತ್ತಿ, ಈಗ ಎದ್ದೆ. ಸುದ್ದಿ ಅರ್ಧ ನಿಜ. ಕಿರಣಣ್ಣ, ಪೂರ್ತಿ ಸುಳ್ಳೂ ಅಲ್ಲ.

ವಿದ್ಯಾ: ಇಲ್ಲಿ ಸಮುದ್ರದ ತಳದ ಹುವಾನ್ ಡಿ ಫೂಕಾ ಫಲಕ (ಭೂಮಿಯ ಹೊರಪದರದ ಒಂದು ದೊಡ್ಡ ಚೂರು) ವರ್ಷಕ್ಕೆ ಸುಮಾರು 4 ಸೆಂ.ಮೀ.ನಂತೆ ನಮ್ಮ ನೆಲದ ಅಡಿಗೆ ನುಗ್ಗುತ್ತಿದೆ. ಮೇಲ್ಭಾಗದಲ್ಲಿ ಎರಡೂ ಕಚ್ಚಿಕೊಂಡಿವೆ. ಅದಕ್ಕೇ ಕರಾವಳಿ ಪೂರ್ವಕ್ಕೆ ಒತ್ತಿಸಿಕೊಳ್ಳುತ್ತಾ ಇರುತ್ತದೆ. ಆದರೆ 30-40 ಕಿ.ಮೀ. ಆಳದಲ್ಲಿ ಸುಮಾರು 14 ತಿಂಗಳಿಗೊಮ್ಮೆ ಹಿಡಿತ ಸಡಿಲವಾಗಿ, ಎರಡು ಮೂರು ವಾರ ಮೆಲ್ಲಗೆ ಜಾರುತ್ತದೆ. ಆಗ ಮೇಲಿನ ನೆಲ 5 ಮಿಲಿಮೀಟರ್‌ನಷ್ಟು ಪಶ್ಚಿಮಕ್ಕೆ ವಾಪಸ್ ಬರುತ್ತದೆ. ದಿಕ್ಕು ಬದಲಾಗುವುದು ಅಂದರೆ ಇಷ್ಟೇ.

ವಿದ್ಯಾ: 1999ರ ಬೇಸಿಗೆಯಲ್ಲಿ ಕೆನಡಾದ ಹರ್ಬ್ ಡ್ರಾಗರ್ಟ್ ಮತ್ತು ಜೊತೆಯವರಿಗೆ ಏಳು ಜಿಪಿಎಸ್ ಕೇಂದ್ರಗಳಲ್ಲಿ ಇದು ಕಂಡಿತು. 2001ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಅಷ್ಟೂ ಒಂದೇ ಸಲ ಜಾರಿದ್ದರೆ 6.7 ತೀವ್ರತೆಯ ಭೂಕಂಪ ಆಗುತ್ತಿತ್ತು. ನಿಧಾನಕ್ಕೆ ಜಾರಿತು, ಯಾರಿಗೂ ಗೊತ್ತಾಗಲಿಲ್ಲ. ಮುಚ್ಚಿಟ್ಟಿದ್ದು ಏನೂ ಇಲ್ಲ.

ಸುಮನ್ ಅತ್ತಿ: ದೊಡ್ಡದು ಬರುತ್ತದಾ ಇಲ್ವಾ, ಅಷ್ಟು ಹೇಳು.

ವಿದ್ಯಾ: 1700ರ ಜನವರಿ 26ರಂದು ಬಂದಿತ್ತು, 9ರ ಆಸುಪಾಸಿನದು. ಸುನಾಮಿ ಜಪಾನ್ ಮುಟ್ಟಿದ ದಾಖಲೆಯಿಂದ ಆ ದಿನ ತಿಳಿಯಿತು. ಮತ್ತೆ ಬರುತ್ತದೆ, ಯಾವಾಗ ಎಂದು ಯಾರೂ ಹೇಳಲಾರರು. ಆಳದಲ್ಲಿ ಜಾರಿದಾಗ ಮೇಲೆ ಕಚ್ಚಿಕೊಂಡಿರುವ ಭಾಗಕ್ಕೆ ಸ್ವಲ್ಪ ಒತ್ತಡ ಸೇರುತ್ತದೆ, ಅದಕ್ಕೇ ಕಣ್ಣಿಟ್ಟಿರುತ್ತಾರೆ. ನಾನು ಎರಡು ವಾರಕ್ಕೆ ಆಗುವಷ್ಟು ನೀರು, ಊಟ, ಔಷಧಿ ಇಟ್ಟಿದ್ದೇನೆ.

ಸುಮನ್ ಅತ್ತಿ: ನೀರು ಮುಚ್ಚಿಡು, ಸೊಳ್ಳೆ ಆಗುತ್ತವೆ.

ಗುರುರಾಜ ದೊಡ್ಡಪ್ಪ: ಬೆಂಗಳೂರಲ್ಲೇ ಕೆಲಸ ಹುಡುಕು ಎಂದು ಆಗಲೇ ಬಡಕೊಂಡೆ. ಅಪ್ಪನ ಮಾತು ಯಾರು ಕೇಳುತ್ತಾರೆ.

ಕಿರಣಣ್ಣ: 5 ಮಿಲಿಮೀಟರ್ ಜಿಪಿಎಸ್‌ನಲ್ಲಿ? ಸಾಧ್ಯವೇ ಇಲ್ಲ. ನನ್ನ ಫೋನ್ ನನ್ನನ್ನು ಪಕ್ಕದ ಬೀದಿಯಲ್ಲಿ ತೋರಿಸುತ್ತದೆ.

ವಿದ್ಯಾ: ಫೋನ್ ಕೆಲವು ಮೀಟರ್ ತಪ್ಪುತ್ತದೆ, ನಿಜ. ಆ ಕೇಂದ್ರಗಳೇ ಬೇರೆ. ಆಂಟೆನಾವನ್ನು ಬಂಡೆಗೆ ಭದ್ರವಾಗಿ ಕೂರಿಸಿರುತ್ತಾರೆ. ಉಪಗ್ರಹದಿಂದ ಬರುವ ರೇಡಿಯೊ ಅಲೆಯ ಉದ್ದ ಸುಮಾರು 19 ಸೆಂ.ಮೀ. ಆ ಅಲೆಯ ಯಾವ ಭಾಗ ಬಂದು ಮುಟ್ಟಿತು ಎಂಬುದನ್ನೇ ಅಳೆಯುತ್ತಾರೆ. ಗಾಳಿ, ತೇವದಿಂದ ಆಗುವ ತಪ್ಪು ಕಳೆದು, ಇಡೀ ದಿನದ ಅಳತೆಯಿಂದ ಒಂದು ಚುಕ್ಕೆ ಇಡುತ್ತಾರೆ. ವರ್ಷಗಟ್ಟಲೆ ಚುಕ್ಕೆ ಸೇರಿಸಿದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲೂ ಇಂಥ ಕೇಂದ್ರ ಇದೆ. ಬೆಂಗಳೂರು ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಹೋಗುತ್ತಿದೆ.

ಇಷ್ಟು ಉದ್ದದ ಮೆಸೇಜಿನಲ್ಲಿ ದೊಡ್ಡಪ್ಪ ಓದಿದ್ದು ಮೊದಲ ಸಾಲು ಮಾತ್ರ.

ಗುರುರಾಜ ದೊಡ್ಡಪ್ಪ: "ಫೋನ್ ಕೆಲವು ಮೀಟರ್ ತಪ್ಪುತ್ತದೆ." ವಸಂತ, ಓದಿದೆಯಾ? ನಿನ್ನ ಮಗ ಫೋನ್ ಹಿಡಿದು ಹೊಲ ಸುತ್ತಿ, ಒಡ್ಡು ಸರಿದಿದೆ, ಎರಡು ಗುಂಟೆ ಕಡಿಮೆ ಬಂತು ಎಂದು ಊರೆಲ್ಲಾ ಹೇಳಿದ್ದ.

ಕಿರಣಣ್ಣ: ಅದು ಅಳತೆಯ ಆ್ಯಪ್ ದೊಡ್ಡಪ್ಪ. ನಾಲ್ಕೂ ಮೂಲೆ ಗುರುತು ಮಾಡಿ ಅಳೆದಿದ್ದೆ.

ಗುರುರಾಜ ದೊಡ್ಡಪ್ಪ: ಮೂಲ ಎಲ್ಲಿ?

ವಿದ್ಯಾ: ನೂರು ಮೀಟರ್ ಉದ್ದದ ಒಡ್ಡಿನಲ್ಲಿ ಎರಡು ಮೀಟರ್ ತಪ್ಪಿದರೂ ಎರಡು ಗುಂಟೆ ಆಗಿಬಿಡುತ್ತದೆ. ಲೆಕ್ಕ ಹೇಳಿದೆ ಅಷ್ಟೇ, ನನ್ನನ್ನು ಇದರಲ್ಲಿ ಎಳೆಯಬೇಡಿ.

ಕಿರಣಣ್ಣ: ನೀನು ನಿನ್ನ ಅಪ್ಪನ ಕಡೆಯೇ ತಾನೇ ಹೇಳುವುದು.

ಅಪ್ಪ: ಒಡ್ಡು ಸರಿದಿಲ್ಲ ಅಂದರೆ ನಮ್ಮ ಬೇವಿನ ಮರ ನಿಮ್ಮ ಹೊಲದಲ್ಲಿ ಹೇಗೆ ನಿಂತಿದೆ ಅಣ್ಣಾ? ಅದು ವರ್ಷಕ್ಕೆ 5 ಸೆಂ.ಮೀ. ನಡೆದುಕೊಂಡು ಹೋಯಿತಾ?

(ಅಪ್ಪ ಒಬ್ಬರು ಪೂರ್ತಿ ಓದಿದ್ದರು ಅನ್ನಬೇಕು.)

ಸಂತೋಷ: ಆ ಬೇವಿನ ಕೆಳಗೆ ಎಳ್ಳಮಾವಾಸ್ಯೆ ದಿನ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತಿದ್ದೆವು...

ಅಪ್ಪ: ನಾಳೆಯೇ ಮೋಜಣಿಗೆ ಅರ್ಜಿ ಹಾಕುತ್ತೇನೆ. ಸರ್ಕಾರಿ ಸರ್ವೆಯರ್ ಬಂದು ಅಳೆಯಲಿ.

ಗುರುರಾಜ ದೊಡ್ಡಪ್ಪ: ಹಾಕು. ಶುಲ್ಕ ಅರ್ಧ ಅರ್ಧ.

ಅಪ್ಪ: ಒಡ್ಡು ಸರಿಸಿದವರು ಪೂರ್ತಿ ಕೊಡಲಿ.

ಗುರುರಾಜ ದೊಡ್ಡಪ್ಪ ಗುಂಪು ತೊರೆದರು. ಗುಂಪಿಗೆ ಅವರೊಬ್ಬರೇ ಅಡ್ಮಿನ್ ಆಗಿದ್ದರು. ವಾಟ್ಸಾಪ್ ತಾನೇ ಇನ್ನೊಬ್ಬರನ್ನು ಆರಿಸಿತು. ಅವರನ್ನು ವಾಪಸ್ ಸೇರಿಸಬೇಕು ಎಂದರೆ ಈಗ ಕಿರಣಣ್ಣ ಮನಸ್ಸು ಮಾಡಬೇಕು.