ಅಪ್‌ಡೇಟ್: ವೈಫೈ ಸರಿ, ಲ್ಯಾನ್ ಕೇಬಲ್‌ನಲ್ಲಿ ಮಾತ್ರ ನೆಟ್ ಇಲ್ಲ (ಬಗೆಹರಿಯಿತು)

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಸಮಸ್ಯೆ ಇದ್ದದ್ದು ಹೀಗೆ: ಕೇಬಲ್ ಹಾಕಿದರೆ ಪೋರ್ಟಿನ ಲೈಟ್ ಹತ್ತಿ ಆರುತ್ತಿತ್ತು, ಕಂಪ್ಯೂಟರ್‌ಗೆ 169.254 ರಿಂದ ಶುರುವಾಗುವ ಐಪಿ (ನೆಟ್‌ವರ್ಕ್ ವಿಳಾಸ) ಬರುತ್ತಿತ್ತು. ಬೇರೆ ವಿಳಾಸ ಸಿಗದಾಗ ಕಂಪ್ಯೂಟರ್ ತಾನೇ ಹಾಕಿಕೊಳ್ಳುವ ಐಪಿ ಇದು. ಅಂದರೆ ರೂಟರ್‌ನ ಡಿಎಚ್‌ಸಿಪಿಯಿಂದ (ಐಪಿ ಹಂಚುವ ವ್ಯವಸ್ಥೆ) ಉತ್ತರವೇ ತಲುಪುತ್ತಿರಲಿಲ್ಲ.

ಮೊದಲು ಒಂದು ಚಿಕ್ಕ ರೆಡಿಮೇಡ್ ಕೇಬಲ್‌ನಿಂದ ರೂಟರ್‌ಗೆ ನೇರವಾಗಿ ಜೋಡಿಸಿದಾಗ ನೆಟ್ ಬಂತು. ಹಾಗಾಗಿ ರೂಟರ್, ಕಂಪ್ಯೂಟರ್‌ನ ಲ್ಯಾನ್ ಡ್ರೈವರ್ (ಪೋರ್ಟ್ ನಡೆಸುವ ಸಾಫ್ಟ್‌ವೇರ್) ಎರಡೂ ಸರಿ. ದೋಷ ಗೋಡೆಯೊಳಗಿನ ಉದ್ದದ ಕೇಬಲ್‌ನದು. ಆದರೆ ಕೇಬಲ್ ಟೆಸ್ಟರ್‌ನಲ್ಲಿ ಅದೇ ಕೇಬಲ್‌ನ ಎಂಟು ತಂತಿಗಳ ಎಂಟೂ ಲೈಟ್ ಸಾಲಾಗಿ ಹತ್ತುತ್ತಿದ್ದವು. ದಾರಿ ತಪ್ಪಿಸಿದ್ದೇ ಇದು.

ಕನೆಕ್ಟರ್ ಬಿಚ್ಚಿ ನೋಡಿದರೆ ಎರಡೂ ತುದಿಯಲ್ಲಿ ಜೋಡಿಗಳನ್ನು (ಎರಡೆರಡಾಗಿ ಸುತ್ತಿದ ತಂತಿಗಳು) ಕನೆಕ್ಟರ್‌ನ 1-2, 3-4, 5-6, 7-8ನೇ ಪಿನ್‌ಗಳಿಗೆ ಎಂದು ಪಕ್ಕಪಕ್ಕಕ್ಕೆ ಹಾಕಿದ್ದರು. ಡೇಟಾ ಓಡಾಡಲು 3 ಮತ್ತು 6 ಒಂದೇ ಸುರುಳಿಯ ಜೋಡಿಯಾಗಿರಬೇಕು. ಬೇರೆ ಬೇರೆ ಜೋಡಿಯಾದರೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ. ಮಾಮೂಲಿ ಟೆಸ್ಟರ್ ತಂತಿ ತುಂಡಾಗಿದೆಯೇ, ಅದಲುಬದಲಾಗಿದೆಯೇ ಎಂದಷ್ಟೇ ನೋಡುತ್ತದೆ, ಇದನ್ನು ಹಿಡಿಯುವುದಿಲ್ಲ. ತೀರಾ ಚಿಕ್ಕ ಕೇಬಲ್ ಆಗಿದ್ದರೆ ಹೇಗೋ ನಡೆದುಬಿಡುತ್ತಿತ್ತೇನೋ.

ಎರಡೂ ಕಡೆ ಹೊಸ ಆರ್‌ಜೆ-45 ಕನೆಕ್ಟರ್ ಹಾಕಿ ಟಿ568ಬಿ ಎಂಬ ಪ್ರಮಾಣಿತ ಬಣ್ಣದ ಕ್ರಮದಲ್ಲಿ ಕ್ರಿಂಪ್ ಮಾಡಿದ್ದಾಯಿತು (ಒತ್ತಿ ಕೂರಿಸಿದ್ದಾಯಿತು): ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಸುರುಳಿ ಬಿಚ್ಚುವುದು 13 ಮಿಮೀ ಮೀರಬಾರದು. ಹೊರಗಿನ ಕವಚವೂ ಕನೆಕ್ಟರ್‌ನ ಕಚ್ಚಿನೊಳಗೆ ಸೇರಬೇಕು, ಇಲ್ಲದಿದ್ದರೆ ಎಳೆದಾಗ ತಂತಿ ಸಡಿಲವಾಗುತ್ತದೆ.

ಈಗ ಲಿಂಕ್ 1000 ಎಂಬಿಪಿಎಸ್ ತೋರಿಸುತ್ತಿದೆ. ನಿಮ್ಮಲ್ಲಿ ನೆಟ್ ಬಂದೂ 100ಕ್ಕೇ ನಿಂತಿದ್ದರೆ ನೀಲಿ ಅಥವಾ ಕಂದು ಜೋಡಿಯನ್ನು ಮೊದಲು ನೋಡಿ. ಗಿಗಾಬಿಟ್‌ಗೆ (1000 ಎಂಬಿಪಿಎಸ್) ನಾಲ್ಕೂ ಜೋಡಿ ಬೇಕು.