ಚಾರ್ಟ್‌ನಲ್ಲಿ 25 ನಾಟ್, ತಾರಸಿಯಲ್ಲಿ ಗಾಳಿಯೇ ಇಲ್ಲ. ಯಾವುದನ್ನು ನಂಬಬೇಕು?

ತಾರಸಿಗಾಳಿ (ದಾವಣಗೆರೆ)
ತಲೆ ಕೆಟ್ಟು ಹೋಗಿದೆ, ಗೊತ್ತಿರುವವರು ಹೇಳಿ. ಹವಾಮಾನ ಚಾರ್ಟ್‌ನಲ್ಲಿ ನಮ್ಮೂರ ಮೇಲಿರುವ, ಗಾಳಿ ತೋರಿಸುವ ಕಡ್ಡಿಗೆ ಎರಡು ಉದ್ದ ಗೀಟು, ಒಂದು ಗಿಡ್ಡ ಗೀಟು ಇವೆ. ಉದ್ದದ್ದಕ್ಕೆ 10, ಗಿಡ್ಡದ್ದಕ್ಕೆ 5. ಒಟ್ಟು 25 ನಾಟ್, ಅಂದರೆ ಗಂಟೆಗೆ 46 ಕಿ.ಮೀ. ಬೆಳಿಗ್ಗೆ ಎದ್ದು ತಾರಸಿಯಲ್ಲಿರುವ ಗಾಳಿ ಅಳೆಯುವ ಮೀಟರ್ ನೋಡಿದರೆ ಬರೀ 9! ತಂತಿ ಮೇಲಿನ ಬಟ್ಟೆ ಕೂಡ ಸರಿಯಾಗಿ ಅಲ್ಲಾಡುತ್ತಿಲ್ಲ. ದಿಕ್ಕೂ ಉಲ್ಟಾ. ಕಡ್ಡಿಯ ಗೀಟು ಇರುವ ತುದಿ ಪಶ್ಚಿಮಕ್ಕಿದೆ, ಗಾಳಿ ಪೂರ್ವಕ್ಕೆ ಹೋಗುತ್ತಿದೆ. ಮೀಟರ್ ಹೊಸದು. ಕೆಟ್ಟಿದೆಯಾ, ಇಲ್ಲ ಚಾರ್ಟ್ ಸುಳ್ಳಾ?

ಕೋಟೆಮೋಡ (ಚಿತ್ರದುರ್ಗ)
ಬೇರಿಂಗ್. ನೂರಕ್ಕೆ ನೂರು ಬೇರಿಂಗ್. ನಮ್ಮ ಕಡೆ ಧೂಳು ಜಾಸ್ತಿ, ಮೀಟರ್‌ನ ತಿರುಗುವ ಕಪ್‌ನ ಬುಡಕ್ಕೆ ಸೇರಿಕೊಂಡರೆ ಸಣ್ಣ ಗಾಳಿಗೆ ಅದು ತಿರುಗುವುದೇ ಇಲ್ಲ. ಬಿಚ್ಚಿ ಒರೆಸಿ. ಗ್ರೀಸ್ ಮಾತ್ರ ಹಾಕಬೇಡಿ, ಇನ್ನೂ ಬಿಗಿಯಾಗುತ್ತದೆ.

ತಾರಸಿಗಾಳಿ
ಊದಿದರೆ ಸಾಕು ಸಾರ್, ತಿರುಗುತ್ತದೆ. ದಿಕ್ಕಿನ ವಿಷಯ ಯಾರೂ ಹೇಳಲಿಲ್ಲ.

ಮಳೆಲೆಕ್ಕ (ಹರಿಹರ)
ದಿಕ್ಕು ಸರಿಯಾಗಿಯೇ ಇದೆ. ಗೀಟು ಇರುವ ತುದಿ ಗಾಳಿ ಬರುವ ಕಡೆಯನ್ನು ತೋರಿಸುತ್ತದೆ, ಹೋಗುವ ಕಡೆಯನ್ನಲ್ಲ. ನಿಮ್ಮದು ಪಶ್ಚಿಮದ ಗಾಳಿ, ಆಷಾಢದಲ್ಲಿ ಬರಬೇಕಾದದ್ದೇ. ತ್ರಿಕೋನ ಕಂಡರೆ 50 ನಾಟ್. ಗಿಡ್ಡ ಗೀಟು ಒಂದೇ ಇದ್ದರೆ ಅದನ್ನು ತುದಿಯಿಂದ ಸ್ವಲ್ಪ ಒಳಗೆ ಹಾಕಿರುತ್ತಾರೆ, ಉದ್ದದ್ದು ಅಂತ ತಪ್ಪು ತಿಳಿಯಬಾರದು ಅಂತ. ಊರಿನ ಜಾಗ ತೋರಿಸುವ ವೃತ್ತದ ಸುತ್ತ ಇನ್ನೊಂದು ವೃತ್ತ ಇದ್ದು ಕಡ್ಡಿಯೇ ಇಲ್ಲ ಅಂದರೆ ಗಾಳಿ ನಿಂತಿದೆ. ಎಲ್ಲವನ್ನೂ ಹತ್ತಿರದ 5ಕ್ಕೆ ತಂದು ಬರೆಯುವುದರಿಂದ 25 ಅಂದರೆ 23ರಿಂದ 27ರೊಳಗೆ ಎಷ್ಟಾದರೂ ಇರಬಹುದು.

ಕೋಟೆಮೋಡ
ಊದಿದರೆ ತಿರುಗುವುದು ಲೆಕ್ಕಕ್ಕಿಲ್ಲ. ಬಾಯಿಯ ಗಾಳಿ ಒಂದೇ ಕಪ್‌ಗೆ ಹೊಡೆಯುತ್ತದೆ. ಬಿಚ್ಚಿ ನೋಡಿ ಅಂದೆನಲ್ಲ.

ಸೂಳೆಕೆರೆ_ನೀರು (ಚನ್ನಗಿರಿ)
ಆ 9 ಯಾವ ಅಳತೆಯಲ್ಲಿದೆ? ಸೆಕೆಂಡಿಗೆ ಮೀಟರ್ ಆಗಿದ್ದರೆ ಅದು ಗಂಟೆಗೆ 32 ಕಿ.ಮೀ. ಆಯಿತು, ಅಲ್ವಾ? ಈ ನಾಟ್ ಲೆಕ್ಕವೇ ಬೇಡ. ಕಡಲು ಕಾಣದ ಊರಿಗೆ ಹಡಗಿನ ಅಳತೆ ಯಾಕೆ?

ಮಳೆಲೆಕ್ಕ
ವಿಮಾನದವರಿಗೂ ಅದೇ ಅಳತೆ. 1.852ರಿಂದ ಗುಣಿಸಿದರೆ ಕಿ.ಮೀ. ಸಿಗುತ್ತದೆ, ಅಷ್ಟೇ.

ಸೂಳೆಕೆರೆ_ನೀರು
ಪ್ರತಿ ಸಲ ಗುಣಿಸಬೇಕು ಅನ್ನುವುದೇ ನನ್ನ ತಕರಾರು. ಶಾಲೆ ಮಕ್ಕಳಿಗೆ ಹೇಳಿಕೊಡುವಾಗ ಎಷ್ಟು ಕಷ್ಟ ಗೊತ್ತಾ?

ತಾರಸಿಗಾಳಿ
ನನ್ನದು ಕಿ.ಮೀ.ನಲ್ಲೇ ಇದೆ. ದಯವಿಟ್ಟು ಮೂಲ ಪ್ರಶ್ನೆಗೆ ಬನ್ನಿ.

ಮಳೆಲೆಕ್ಕ
ಅದು ಯಾವ ಚಾರ್ಟ್? ಮೂಲೆಯಲ್ಲಿ ಏನು ಬರೆದಿದೆ?

ತಾರಸಿಗಾಳಿ
ಮಾಮೂಲಿ ಚಾರ್ಟೇ. 850 ಅಂತ ಇದೆ, ಪಕ್ಕದಲ್ಲಿ 00 ಅಂತ ಇದೆ. ಎಲ್ಲರೂ ನೋಡುವುದು ಅದನ್ನೇ ಅಲ್ವಾ?

ಮಳೆಲೆಕ್ಕ
ಇದನ್ನು ಮೊದಲೇ ಹೇಳಬೇಕಿತ್ತು. 850 ಅಂದರೆ ಗಾಳಿಯ ಒತ್ತಡ 850 ಹೆಕ್ಟೋಪಾಸ್ಕಲ್ ಇರುವ ಎತ್ತರ. ಸಮುದ್ರ ಮಟ್ಟದಿಂದ ಸುಮಾರು ಒಂದೂವರೆ ಕಿ.ಮೀ. ಮೇಲೆ. ದಾವಣಗೆರೆಯೇ ಸುಮಾರು 600 ಮೀಟರ್ ಎತ್ತರದಲ್ಲಿದೆ. ಆ ಗೀಟು ಹೇಳುವ ಗಾಳಿ ನಿಮ್ಮ ತಾರಸಿಗಿಂತ ಎಂಟು ಒಂಬೈನೂರು ಮೀಟರ್ ಮೇಲಿದೆ. ಮುಂಗಾರಿನ ಜೋರು ಪಶ್ಚಿಮ ಗಾಳಿ ಹರಿಯುವುದೂ ಅದೇ ಎತ್ತರದ ಆಸುಪಾಸಿನಲ್ಲಿ.

ಇನ್ನು 00 ಅನ್ನುವುದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ) ಸಮಯ, ನಮಗೆ ಬೆಳಗಿನ ಐದೂವರೆ. ರಾತ್ರಿ ನೆಲ ತಣ್ಣಗಾಗಿ ಕೆಳಗಿನ ಗಾಳಿ ಮಂದವಾಗಿರುತ್ತದೆ, ಮೇಲಿನ ಜೋರು ಕೆಳಗಿಳಿಯುವುದಿಲ್ಲ. ಬಿಸಿಲೇರಿ ನೆಲ ಕಾದ ಮೇಲೆ ಎರಡೂ ಬೆರೆಯುತ್ತವೆ. ನೀವು ಎದ್ದ ತಕ್ಷಣ ಮೀಟರ್ ನೋಡಿದ್ದೀರಿ, ಕಡಿಮೆ ತೋರಿಸಿದ್ದು ಸಹಜ. ನೆಲದಿಂದ 10 ಮೀಟರ್ ಎತ್ತರದ ಗಾಳಿಯ ಚಾರ್ಟ್ ತೆಗೆದು ಅದೇ ಹೊತ್ತಿನದಕ್ಕೆ ಹೋಲಿಸಿ.

ದುರ್ಗದವರಿಗೂ ಒಂದು ಮಾತು. 925ರ ಚಾರ್ಟ್ ಮುಕ್ಕಾಲು ಕಿ.ಮೀ. ಎತ್ತರದ್ದು. ನಿಮ್ಮೂರ ನೆಲವೇ ಹತ್ತಿರ ಹತ್ತಿರ ಅಷ್ಟು ಎತ್ತರದಲ್ಲಿದೆ. ಅದನ್ನು ಮೇಲಿನ ಗಾಳಿ ಅಂತ ಓದಬೇಡಿ.

ಕೋಟೆಮೋಡ
ಇದು ನಿಜ. ಬೆಳಗಿನ ಜಾವ ನಮ್ಮ ಅಂಗಳದಲ್ಲಿ ಎಲೆ ಅಲ್ಲಾಡದಿದ್ದರೂ ಜೋಗಿಮಟ್ಟಿ ಕಡೆ ಗುಡ್ಡದ ಮೇಲಿನ ಗಾಳಿ ವಿದ್ಯುತ್ ಫ್ಯಾನ್‌ಗಳು ತಿರುಗುತ್ತಿರುತ್ತವೆ. ಆದರೂ ಬೇರಿಂಗ್ ನೋಡಿ. ನಾನಂತೂ ತಾರಸಿ ಸಹವಾಸವೇ ಬಿಟ್ಟೆ. ಗಾಳಿ ಮೀಟರ್‌ಗೆ ಹೊಲದಲ್ಲಿ 10 ಮೀಟರ್ ಜಿಐ ಪೈಪ್ ನಿಲ್ಲಿಸಿದ್ದೇನೆ, ಮೂರು ಕಡೆ ತಂತಿ ಬಿಗಿದಿದ್ದೇನೆ, ಮೇಲೆ ಸೋಲಾರ್. ಸುತ್ತ ಶೇಂಗಾ ಬಿಟ್ಟರೆ ಏನೂ ಇಲ್ಲ.

ಸೂಳೆಕೆರೆ_ನೀರು
ಪೈಪ್ ಎಷ್ಟು ಇಂಚಿನದು? ಸಿಡಿಲಿಗೆ ಅರ್ಥಿಂಗ್ ಮಾಡಿಸಿದ್ದೀರಾ? ನಮ್ಮ ಅಡಿಕೆ ತೋಟದಲ್ಲಿ ಮರಗಳೇ ಅಷ್ಟೆತ್ತರ ಇವೆ, ಇನ್ನೂ ಮೇಲೆ ಹೋಗಬೇಕು.

ಕೋಟೆಮೋಡ
ಎರಡು ಇಂಚು. ಅರ್ಥಿಂಗ್ ಇಲ್ಲದೆ ನಿಲ್ಲಿಸಲೇಬೇಡಿ. ಫೋಟೋ ಸಂಜೆ ಹಾಕುತ್ತೇನೆ.

ತಾರಸಿಗಾಳಿ
10 ಮೀಟರ್ ಚಾರ್ಟ್ ಸಿಕ್ಕಿತು. ಬೆಳಗಿನ ಐದೂವರೆಗೆ ಒಂದೇ ಗಿಡ್ಡ ಗೀಟು. 5 ನಾಟ್, ಸುಮಾರು 9 ಕಿ.ಮೀ. ಮೀಟರ್‌ಗೆ ಸರಿಹೋಯಿತು! ಆದರೆ ಮಧ್ಯಾಹ್ನ ಒಂದು ಉದ್ದ, ಒಂದು ಗಿಡ್ಡ. ಲೆಕ್ಕಕ್ಕೆ 28 ಕಿ.ಮೀ. ಬರಬೇಕು, ಮೀಟರ್ 13 ತೋರಿಸುತ್ತಿದೆ.

ಕೋಟೆಮೋಡ
ಬೇರಿಂಗ್!

ಮಳೆಲೆಕ್ಕ
ತಾರಸಿಯಲ್ಲಿ ಮೀಟರ್‌ನ ಪಶ್ಚಿಮಕ್ಕೆ ಏನಿದೆ?

ತಾರಸಿಗಾಳಿ
ನೀರಿನ ಟ್ಯಾಂಕ್. ಅದರಾಚೆ ಪಕ್ಕದವರ ಮೂರು ಮಹಡಿ ಮನೆ.

ಮಳೆಲೆಕ್ಕ
ಅಡ್ಡ ಇರುವುದರ ಎತ್ತರದ ಹತ್ತು ಪಟ್ಟು ದೂರ ಬಿಡಬೇಕು ಅನ್ನುವುದು ನಿಯಮ. ತಾರಸಿಯಲ್ಲಿ ಅಷ್ಟು ಜಾಗ ಸಿಗುವುದಿಲ್ಲ. ಟ್ಯಾಂಕ್ ಮೇಲೆಯೇ ಪೈಪ್ ಏರಿಸಲು ಆಗುತ್ತದಾ ನೋಡಿ. ನಾಲ್ಕೂ ಕಡೆಯ ಫೋಟೋ ಹಾಕಿ.